ಆರು ಅಳತೆಯ ಕ್ಲಾಂಪು, ತರಿಸಲು ಮೂರು ದಾರಿ

ದೋಟಿಯ, ಅಂದರೆ ಅಡಕೆ ಕೊಯ್ಯುವ ಉದ್ದ ಕೋಲಿನ, ಕ್ಲಾಂಪು ತರಿಸಲು ಮುಂಬೈ ಅಂಗಡಿ, ಚೀನಾದ ಕಾರ್ಖಾನೆ, ಅಲ್ಲಿನ ಏಜೆಂಟ್ ಎಂದು ಮೂರು ದಾರಿ. ಮೊದಲೇ ಹೇಳಿಬಿಡುತ್ತೇನೆ, ನನಗೆ ಒಗ್ಗಿದ್ದು ಚೀನಾದ ಯಿವು ಊರಿನ ಏಜೆಂಟ್ ದಾರಿ. ಕಾರ್ಖಾನೆಗೆ ನೇರ ಆರ್ಡರ್ ಕೊಟ್ಟು ಕೈಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

ಶಿರಸಿಯಲ್ಲಿ ನನ್ನದು ದೋಟಿ ರಿಪೇರಿ ಅಂಗಡಿ. ಮರ ಹತ್ತಿ ಅಡಕೆ ಗೊನೆ ಇಳಿಸುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಕಾರ್ಬನ್ ಫೈಬರ್ ದೋಟಿ ಅಡಕೆ ತೋಟಗಳಿಗೆ ಬಂತು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮೈಲುತುತ್ತ-ಸುಣ್ಣದ ಬೋರ್ಡೋ ಮದ್ದು ಹೊಡೆಯಬಹುದು. ಪೈಪು ಬೇಗ ಹಾಳಾಗುವುದಿಲ್ಲ. ಕೈಕೊಡುವುದು ಒಂದು ಪೈಪನ್ನು ಇನ್ನೊಂದಕ್ಕೆ ಬಿಗಿಹಿಡಿಯುವ ಕ್ಲಾಂಪು. ಆ ಮದ್ದಿನ ನೀರು ಇಳಿದಿಳಿದು ಸ್ಕ್ರೂ ಕಚ್ಚಿಕೊಳ್ಳುತ್ತದೆ, ಅದನ್ನು ತಿರುಪಲು ಹೋದರೆ ಲಿವರ್ ಸೀಳುತ್ತದೆ. ನನ್ನ ಕೈಗೆ ಬರುವ ದೋಟಿಗಳಲ್ಲಿ ಹೆಚ್ಚಿನವಕ್ಕೆ ಏಳು ಪೈಪು, ಆರು ಕ್ಲಾಂಪು. ಆರೂ ಬೇರೆ ಬೇರೆ ಅಳತೆ. ನಾನು ಮುಗ್ಗರಿಸಿದ್ದು ಇಲ್ಲೇ.

ಮೊದಲು ತರುತ್ತಿದ್ದದ್ದು ಮುಂಬೈನಿಂದ. ಕುಮಟಾದಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಹೋದರೆ, ನಾಗದೇವಿ ಸ್ಟ್ರೀಟಿನ ಸಗಟು ಅಂಗಡಿಯಲ್ಲಿ ಹತ್ತು ಬೇಕೆಂದರೆ ಹತ್ತೇ ಕೊಡುತ್ತಿದ್ದರು. ಸ್ಯಾಂಪಲ್ ಎಂಬ ಮಾತೇ ಇಲ್ಲ, ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುವುದು. ಒಂದಕ್ಕೆ 260 ರೂಪಾಯಿ. ಆದರೆ ಈ ಸಲ ಬಂದ ಮಾಲು ಮುಂದಿನ ಸಲ ಇರುವುದಿಲ್ಲ. ವರ್ಷಕ್ಕೆ ಐವತ್ತು ಕ್ಲಾಂಪು ಸಾಕು ಅನ್ನುವವರು ಇಲ್ಲೇ ನಿಲ್ಲಬಹುದು, ಮುಂದೆ ಓದುವ ಅಗತ್ಯವಿಲ್ಲ.

ನನಗೆ ಅದರ ಹಲವು ಪಟ್ಟು ಬೇಕಿತ್ತು. 500 ರೂಪಾಯಿ ಕಟ್ಟಿ, ಆಮದು ಮಾಡುವವರಿಗೆ ಬೇಕಾದ ಐಇಸಿ ನಂಬರ್ ಮಾಡಿಸಿದೆ. ಒಂದೆರಡು ಪೀಸು ತರಿಸಿ ನೋಡಲು ಚೀನಾದ ಆನ್‌ಲೈನ್ ಚಿಲ್ಲರೆ ಅಂಗಡಿ ಅಲಿಎಕ್ಸ್‌ಪ್ರೆಸ್ ಇರಲಿಲ್ಲ, 2020ರ ನವೆಂಬರಿನಲ್ಲೇ ಅದರ ಮೇಲೆ ನಿಷೇಧ ಬಿದ್ದಿದೆ. ಸಗಟು ವ್ಯಾಪಾರದ ಜಾಲತಾಣ ಅಲಿಬಾಬಾದಲ್ಲಿ ಹುಡುಕಿ ಚೀನಾದ ವೈಹಾಯ್‌ನ ಒಂದು ಕಾರ್ಖಾನೆ ಹಿಡಿದೆ. ಗಾಳದ ಕೋಲು ಮಾಡುವುದರಲ್ಲಿ ಹೆಸರಾದ ಊರು ಅದು, ಕಾರ್ಬನ್ ಪೈಪಿನ ಕೆಲಸ ಬಲ್ಲವರು. ಸ್ಯಾಂಪಲ್ ಉಚಿತ, ಕೊರಿಯರ್ ಖರ್ಚು ಮಾತ್ರ ನನ್ನದು, 38 ಡಾಲರ್. ಬಂದದ್ದು ಎರಡು ಪೀಸು, ಎರಡೂ ಒಂದೇ ಅಳತೆ. ಮೂರನೇ ಪೈಪಿಗೆ ಹಾಕಿ ಲಿವರ್ ಒತ್ತಿದೆ, ಟಕ್ ಎಂದು ಕೂತಿತು. ಅಷ್ಟಕ್ಕೇ ಮರುಳಾದೆ.

(ಕೊರಿಯರಿನವರು ಕೆವೈಸಿ ಕೇಳಿದಾಗ ಆಧಾರ್ ಕೊಟ್ಟೆ. ಜಿಎಸ್‌ಟಿ ನಂಬರ್ ಕೊಡಬೇಕಿತ್ತು. ಸ್ಯಾಂಪಲ್ ಮೇಲೆ ಕಟ್ಟಿದ ಐಜಿಎಸ್‌ಟಿ ತೆರಿಗೆ ವಾಪಸ್ ಪಡೆಯುವ ದಾರಿ ಅಲ್ಲಿಗೆ ಮುಚ್ಚಿತು.)

ಎಂಒಕ್ಯೂ, ಅಂದರೆ ಕನಿಷ್ಠ ಆರ್ಡರ್, ಎಷ್ಟು ಎಂದು ಕೇಳಿದೆ. 500, ಒಂದಕ್ಕೆ 1.10 ಡಾಲರ್ ಎಂದರು. ಆರೂ ಅಳತೆ ಸೇರಿ 500 ಎಂದು ನಾನು ಲೆಕ್ಕ ಹಾಕಿದೆ. ಪ್ರೊಫಾರ್ಮಾ ಇನ್‌ವಾಯ್ಸ್, ಅಂದರೆ ಮುಂಗಡ ಬಿಲ್ಲು, ಬಂತು. ಒಂದೇ ಸಾಲು: ಕ್ಲಾಂಪಿನ ಹೆಸರು, ಪಕ್ಕದಲ್ಲಿ 35, ಆಮೇಲೆ 500 ಪೀಸು. ಆ 35 ಮಾಡೆಲ್ ನಂಬರ್ ಇರಬೇಕು ಅಂದುಕೊಂಡು 30 ಪರ್ಸೆಂಟ್ ಮುಂಗಡ, 165 ಡಾಲರ್, ಬ್ಯಾಂಕಿನಿಂದ ಕಳಿಸಿಬಿಟ್ಟೆ.

35 ಎಂದರೆ 35 ಮಿಲಿಮೀಟರ್. ಸ್ಯಾಂಪಲ್ ಬಂದಿತ್ತಲ್ಲ, ಅದೇ ಅಳತೆ. ಉಳಿದ ಐದು ಅಳತೆ ಎಲ್ಲಿ ಎಂದು ಕೇಳಿದರೆ, ಒಂದೊಂದಕ್ಕೂ 500 ಎಂಬ ಉತ್ತರ. ಒಟ್ಟು ಮೂರು ಸಾವಿರ ಕ್ಲಾಂಪು, ಎರಡು ಮುಕ್ಕಾಲು ಲಕ್ಷ ದಾಟುವ ಬಿಲ್ಲು. ನನ್ನ ಹತ್ತಿರ ಇದ್ದದ್ದು ಒಂದು ಲಕ್ಷ.

ಬೇಡ, ಮುಂಗಡ ವಾಪಸ್ ಕೊಡಿ ಎಂದರೆ ಅಚ್ಚು ಹಾಕಿ ಆಗಿದೆ ಎಂದರು. ಇತ್ತ ಬ್ಯಾಂಕಿನವರ ಕಾಟ ಶುರುವಾಯಿತು. ಆಮದಿಗೆಂದು ಮುಂಗಡ ಹೋದರೆ ಆರು ತಿಂಗಳೊಳಗೆ ಸರಕು ಬರಬೇಕು, ಅದರ ಕಸ್ಟಮ್ಸ್ ದಾಖಲೆ, ಬಿಲ್ ಆಫ್ ಎಂಟ್ರಿ, ಲೆಕ್ಕಕ್ಕೆ ಕೂಡಬೇಕು. ಇಲ್ಲವಾದರೆ ಅದು ಬಾಕಿ ಎಂದೇ ತೋರಿಸುತ್ತಿರುತ್ತದೆ. ಬೆಳೆಸಾಲ, ತೋಟದ ಅಡಮಾನ ದಿನವೂ ನೋಡುವ ಶಾಖೆಗೆ ಈ ಆಮದಿನ ಕಡತ ಹೊಸದು, ನನಗೂ ಹೊಸದು. ಕೊನೆಗೆ 165 ಡಾಲರಿಗೆ ಎಷ್ಟು ಬರುತ್ತದೋ ಅಷ್ಟೇ ಕಳಿಸಿ ಎಂದು ಗೋಗರೆದು 150 ಕ್ಲಾಂಪು ತರಿಸಿದೆ. ಎಲ್ಲವೂ 35. ಕಡತ ಮುಚ್ಚಿತು. ಆದರೆ ಮೂರನೇ ಕ್ಲಾಂಪು ಹಾಳಾಗುವುದು ತೀರಾ ಅಪರೂಪ. ಭಾರವೆಲ್ಲ ಹೊರುವುದು ಕೆಳಗಿನ ಎರಡು.

ಯಿವು ಏಜೆಂಟ್ ಸಿಕ್ಕಿದ್ದು ಇದಾದ ಮೇಲೆ, ಹುಬ್ಬಳ್ಳಿಯ ಒಬ್ಬ ಆಟಿಕೆ ವ್ಯಾಪಾರಿಯ ಮೂಲಕ. ಕಮಿಷನ್ 5 ಪರ್ಸೆಂಟ್. ಆತ ಮೊದಲು ಕೇಳಿದ್ದು ದುಡ್ಡನ್ನಲ್ಲ, ಪೈಪನ್ನು. ಹಳೇ ದೋಟಿಯ ಏಳೂ ಪೈಪಿನಿಂದ ಎರಡೆರಡು ಇಂಚು ಕತ್ತರಿಸಿ, ಮೇಲೆ ನಂಬರ್ ಬರೆದು, ಪೇಪರಿನಲ್ಲಿ ಸುತ್ತಿ ಕಳಿಸಿದೆ. ಅದಕ್ಕೆ ಕೂರುವ ಆರೂ ಅಳತೆಯ ಸ್ಯಾಂಪಲ್ ಜೋಡಿಸಿ, ಒಂದು ಸೆಟ್ ತನ್ನ ಹತ್ತಿರ ಇಟ್ಟುಕೊಂಡು ಇನ್ನೊಂದನ್ನು ನನಗೆ ಕಳಿಸಿದ.

500ರ ಗುಟ್ಟು ಬಿಡಿಸಿ ಹೇಳಿದ್ದೂ ಅವನೇ. ಒಂದು ಅಳತೆಯಿಂದ ಇನ್ನೊಂದಕ್ಕೆ ಅಚ್ಚು ಬದಲಿಸುವಾಗ ಮಶಿನ್ ನಿಲ್ಲಿಸಬೇಕು, ಹಳೇ ಬಣ್ಣದ ಪ್ಲಾಸ್ಟಿಕ್ ಪೂರ್ತಿ ಹೊರಹಾಕಬೇಕು. ಸಣ್ಣ ಆರ್ಡರಿಗೆ ಅದು ಗಿಟ್ಟುವುದಿಲ್ಲ. ಕಪ್ಪು ಬಣ್ಣವೇ ಆದೀತು, ಕ್ಲಾಂಪಿನ ಮೇಲೆ ನನ್ನ ಹೆಸರು ಬೇಡ, ಬೇರೆಯವರ ಆರ್ಡರಿಗೆ ಅದೇ ಅಚ್ಚು ಕೂರುವವರೆಗೆ ಕಾಯುತ್ತೇನೆ ಎಂದರೆ ಅಳತೆಗೆ 100 ಸಿಗುತ್ತದೆ. ದರ ಮಾತ್ರ 1.60 ಡಾಲರ್. ಆರುನೂರು ಕ್ಲಾಂಪು, ಅವನ ಕಮಿಷನ್, ವಿಮಾನದ ಬಾಡಿಗೆ, ಸುಂಕ ಎಲ್ಲ ಸೇರಿ ಒಂದಕ್ಕೆ 200ರ ಆಸುಪಾಸು ಬಿತ್ತು. ಐದು ವಾರ ಕಾದೆ. ಜನವರಿ-ಫೆಬ್ರವರಿಯಲ್ಲಿ ಅವರ ಹೊಸವರ್ಷಕ್ಕೆ ಕಾರ್ಖಾನೆಗಳು ವಾರಗಟ್ಟಲೆ ಬಾಗಿಲು ಹಾಕುತ್ತವೆ. ಮಳೆಗಾಲದ ಮದ್ದಿಗೆ ಮಾಲು ಬೇಕಾದರೆ ದೀಪಾವಳಿ ಕಳೆದ ಕೂಡಲೇ ಮಾತಾಡಿಬಿಡಬೇಕು.

ಕಾರವಾರದಲ್ಲೇ ಬಂದರು ಇದೆಯಲ್ಲ ಮಾರಾಯ, ಹಡಗಲ್ಲಿ ತರಿಸು ಎಂದು ಭಾವ ಹೇಳುತ್ತಿರುತ್ತಾನೆ. ಅಲ್ಲಿಗೆ ಬರುವುದು ಡಾಂಬರಿನಂಥ ಸರಕು. ನನ್ನಂಥವನ ಪೆಟ್ಟಿಗೆ ಬರಬೇಕಾದರೆ ಮಂಗಳೂರು, ಇಲ್ಲವೇ ಮುಂಬೈ ಬಳಿಯ ನಾವಾ ಶೇವಾ. ಅದೂ 36 ಕೆ.ಜಿ. ಮಾಲಿಗೆ ಪೂರ್ತಿ ಒಂದು ಘನ ಮೀಟರಿನ ಬಾಡಿಗೆ ತೆತ್ತು.

ಏಜೆಂಟನಲ್ಲೂ ಕೊರತೆ ಇಲ್ಲವೆಂದಲ್ಲ. ಮೆಸೇಜಿಗೆ ಉತ್ತರ ಎರಡು ದಿನಕ್ಕೊಮ್ಮೆ. ಸ್ಕ್ರೂ ಯಾವುದು ಎಂದು ನಾನು ಬರೆಯಲಿಲ್ಲ, ಆತ ಕೇಳಲಿಲ್ಲ, ಬಂದದ್ದು ಸಾದಾ ಕಬ್ಬಿಣದ್ದು. ಮೈಲುತುತ್ತಕ್ಕೆ ಅದು ಒಂದು ಮಳೆಗಾಲವೂ ತಾಳುವುದಿಲ್ಲ. ಹುಬ್ಬಳ್ಳಿಯಿಂದ ಸ್ಟೀಲ್ ಸ್ಕ್ರೂ ತಂದು ಆರುನೂರಕ್ಕೂ ಕೂತು ಬದಲಿಸಿದೆವು, ನಾನು ಮತ್ತು ನನ್ನ ಹೆಂಡತಿ, ನಾಲ್ಕು ರಾತ್ರಿ.

ಮುಂದಿನ ಸಲಕ್ಕೆ ಕೆಳಗಿನ ಎರಡು ಅಳತೆ 150ರಂತೆ, ಉಳಿದವು ಐವತ್ತೈವತ್ತು ಸಿಗುತ್ತದಾ ಎಂದು ಕೇಳಿದ್ದೇನೆ, ಸ್ಟೀಲ್ ಸ್ಕ್ರೂ ಎಂದು ಮೊದಲ ಸಾಲಿನಲ್ಲೇ ಬರೆದು. ಪಟ್ಟಿಯಲ್ಲಿ 35 ಇಲ್ಲ. ಅದು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇನ್ನೂ ಇನ್ನೂರರ ಮೇಲಿದೆ, ಬೇಕಾದವರು ಬಂದರೆ ಮುಂಬೈ ದರದ ಅರ್ಧಕ್ಕೆ ಕೊಡುತ್ತೇನೆ.