ಹಳೇ ಡಿಟಿಪಿ ಸಿಸ್ಟಮ್ ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ಇದನ್ನ ಓದಿ

"ಎಲ್ಲಾ ಓಡುತ್ತೆ ಸರ್, ಕಂಪಾಟಿಬಿಲಿಟಿ ಮೋಡ್ ಇದೆಯಲ್ಲ." ಅಂಗಡಿಯವನ ಬಾಯಲ್ಲಿ ಈ ಮಾತು ಬಂತು ಅಂದ್ರೆ ಹಳೇ ಸಿಪಿಯು ಎತ್ಕೊಂಡು ವಾಪಸ್ ಬನ್ನಿ. (ಕಂಪಾಟಿಬಿಲಿಟಿ ಮೋಡ್ ಅಂದ್ರೆ ಹಳೇ ಪ್ರೋಗ್ರಾಮಿನ ಮುಂದೆ ಹಳೇ ವಿಂಡೋಸ್ ಥರ ನಟಿಸೋ ಸೆಟ್ಟಿಂಗ್.)

ನಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಹಳೇ ವಿಂಡೋಸ್ ಎಕ್ಸ್‌ಪಿ ಸಿಸ್ಟಮ್ ಎಕ್ಸ್‌ಚೇಂಜ್‌ಗೆ ಕೊಟ್ಟ ಕಥೆ ಇದು. ಪುಟ ಜೋಡಿಸೋ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ನ ನುಡಿ, ಜೊತೆಗೆ ಸಿಪಿಯು ಹಿಂಬದಿಯ 25 ಪಿನ್ ಪ್ಯಾರಲಲ್ ಪೋರ್ಟಿಗೆ ಡಾಂಗಲ್ (ಸಾಫ್ಟ್‌ವೇರಿನ ಬೀಗದ ಕೈಯಂಥ ಪುಟ್ಟ ಸಾಧನ) ಸಿಕ್ಕಿಸಿದರೆ ಮಾತ್ರ ತೆರೆಯೋ ಇನ್ನೊಂದು ಕನ್ನಡ ಸಾಫ್ಟ್‌ವೇರ್. ಲಗ್ನಪತ್ರಿಕೆ, ಬಿಲ್‌ಬುಕ್, ಜಾತ್ರೆ ಕರಪತ್ರ ಎಲ್ಲಾ ಅದರಲ್ಲೇ. ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೇ ಅವನು "ಓಡುತ್ತೆ" ಅಂದಿದ್ದು. "ವಿಂಡೋಸ್ 10ಗೇ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತೋಯ್ತು, ನೀವಿನ್ನೂ ಎಕ್ಸ್‌ಪಿ ಇಟ್ಕೊಂಡಿದೀರಾ" ಅಂತ ನಗು ಬೇರೆ. ಎಕ್ಸ್‌ಪಿಗೆ ಸಪೋರ್ಟ್ ನಿಂತಿದ್ದು 2014ರಲ್ಲಿ. ಇಂಟರ್ನೆಟ್ಟಿಗೇ ಸೇರಿಸದ ಸಿಸ್ಟಮ್‌ಗೆ ಈಗ ಯಾವ ಅವಸರ ಬಂದಿತ್ತು?

ಮೋಸ ಆಗಿದ್ದು ಎಲ್ಲಿ ಅಂತ ಕೇಳಿ. ಹೊಸ ವಿಂಡೋಸ್ 11 ಸಿಸ್ಟಮ್‌ನಲ್ಲಿ ಪೇಜ್‌ಮೇಕರ್ ತೆಗೆದ, ಖಾಲಿ ಪುಟದಲ್ಲಿ ಇಂಗ್ಲಿಷ್‌ನಲ್ಲಿ ನಾಲ್ಕು ಅಕ್ಷರ ಹೊಡೆದ, "ನೋಡಿ ಸರ್, ಓಡ್ತಿದೆ" ಅಂದ. ಖಾಲಿ ಪುಟ! ಖಾಲಿ ಪುಟ ತೆರೆಯದೆ ಏನು? ಪೇಜ್‌ಮೇಕರ್ 32 ಬಿಟ್ ಪ್ರೋಗ್ರಾಮು, ತೆರೆಯುತ್ತೆ. ಸಿಕ್ಕಿಹಾಕಿಕೊಳ್ಳೋದು ಡಾಂಗಲ್‌ನಲ್ಲಿ. ಅದನ್ನ ವಿಂಡೋಸ್‌ಗೆ ಪರಿಚಯಿಸೋ ಡ್ರೈವರ್ ಕೂಡ 32 ಬಿಟ್, ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ. 64 ಬಿಟ್ ವಿಂಡೋಸ್ 32 ಬಿಟ್ ಪ್ರೋಗ್ರಾಮ್ ಓಡಿಸುತ್ತೆ, 32 ಬಿಟ್ ಡ್ರೈವರ್ ಓಡಿಸಲ್ಲ. 16 ಬಿಟ್ ಇನ್‌ಸ್ಟಾಲರ್ ಅಂತೂ, ಒಂದೆರಡು ಬಗೆ ಬಿಟ್ಟರೆ, ಮುಟ್ಟೋದೇ ಇಲ್ಲ. ಕಂಪಾಟಿಬಿಲಿಟಿ ಮೋಡ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಫೋನ್ ಮಾಡಿದರೆ: "ಯುಎಸ್‌ಬಿ ಟು ಪ್ಯಾರಲಲ್ ಕನ್ವರ್ಟರ್ ಕಳಿಸ್ತೀನಿ ಸರ್." ಆ ಕೇಬಲ್ ಇರೋದು ಪ್ರಿಂಟರಿಗೆ. ಹಳೇ ಡಾಂಗಲ್ ಪೋರ್ಟಿನ ವಿಳಾಸವನ್ನೇ ನೇರವಾಗಿ ತಟ್ಟುತ್ತೆ, ಸಾಮಾನ್ಯವಾಗಿ 378. ಕನ್ವರ್ಟರಿನಲ್ಲಿ ಆ ವಿಳಾಸವೇ ಇರಲ್ಲ. ಹಾಗಂತ ಹೇಳಿದ್ದಕ್ಕೆ "ಈಗ ಯಾರ್ ಸರ್ ಪೇಜ್‌ಮೇಕರ್ ಯೂಸ್ ಮಾಡ್ತಾರೆ?" ಸರಿ ಮಾರಾಯ, ಹಳೇ ಹಾರ್ಡ್‌ಡಿಸ್ಕ್ ವಾಪಸ್ ಕೊಡು ಅಂದರೆ "ಅದು ಫಾರ್ಮ್ಯಾಟ್ ಆಯ್ತು ಸರ್, ಬೇರೆಯವರಿಗೆ ಹೋಯ್ತು. ಎಕ್ಸ್‌ಚೇಂಜ್ ಅಂದ್ಮೇಲೆ ನಮ್ದಲ್ವಾ?" ಕೊನೆಗೆ: "ಸಾಫ್ಟ್‌ವೇರ್ ಓಡುತ್ತೆ ಅಂತ ಬಿಲ್‌ನಲ್ಲಿ ಎಲ್ಲಿದೆ ತೋರ್ಸಿ." ಬಿಲ್‌ನಲ್ಲಿ ಇರೋದು ಡೆಸ್ಕ್‌ಟಾಪ್ ಒಂದು, ಮಾನಿಟರ್ ಒಂದು, ಅಷ್ಟೇ. ಮದುವೆ ಸೀಸನ್‌ನಲ್ಲಿ ಗಿರಾಕಿಗಳ ಮುಂದೆ ಮುಖ ಎಲ್ಲಿ ಇಟ್ಕೊಳೋದು?

ಬರೀ ಕ್ವಿಕ್ ಫಾರ್ಮ್ಯಾಟ್ ಆಗಿದ್ದಿದ್ದರೆ ಹಳೇ ಹಾರ್ಡ್‌ಡಿಸ್ಕಿಂದ ಎಷ್ಟೋ ಫೈಲ್ ಎತ್ತಬಹುದಿತ್ತು. ಅದರ ಮೇಲೆ ಮತ್ತೆ ವಿಂಡೋಸ್ ಹಾಕಿ ಮಾರಿದ ಮೇಲೆ ಇನ್ನೇನು ಎತ್ತೋದು.

ಹಾಗಾಗಿ ಹಾರ್ಡ್‌ಡಿಸ್ಕ್ ಯಾರಿಗೂ ಕೊಡಬೇಡಿ. ಬಿಚ್ಚಿ ಇಟ್ಕೊಳ್ಳಿ. ಅಗಲ ಪಟ್ಟಿ ಕೇಬಲ್‌ನ ಹಳೇ ಐಡಿಇ ಡಿಸ್ಕ್ ಆದರೆ ಬೇರೆ ಪವರ್ ಅಡಾಪ್ಟರ್ ಇರೋ ಯುಎಸ್‌ಬಿ ಕೇಬಲ್ ತಗೊಂಡು ಪೂರ್ತಿ ಡಿಸ್ಕಿನ ಇಮೇಜ್ (ಯಥಾವತ್ ನಕಲು) ತೆಗೀರಿ, ಬರೀ ಫೈಲ್ ಕಾಪಿ ಸಾಲಲ್ಲ. ಹೊಸ ಸಿಸ್ಟಮ್ ಮೇಲೆ ನೇರವಾಗಿ ಎಕ್ಸ್‌ಪಿ ಹಾಕೋ ಆಸೆ ಬಿಡಿ: ಈಗಿನ ವೇಗದ ಎನ್‌ವಿಎಂಇ ಡಿಸ್ಕಿಗೆ ಅದರಲ್ಲಿ ಡ್ರೈವರ್ ಇಲ್ಲ, ಬರೀ ಯುಇಎಫ್‌ಐ (ಹೊಸ ಬಗೆಯ ಬಯೋಸ್) ಇರೋ ಬೋರ್ಡಿನಲ್ಲಿ ಬೂಟೇ ಆಗಲ್ಲ. ಸಿಸ್ಟಮ್ ಒಳಗೇ ಇನ್ನೊಂದು ಸಿಸ್ಟಮ್ ಓಡಿಸೋ ವರ್ಚುವಲ್‌ಬಾಕ್ಸ್‌ನಲ್ಲಿ ಆ ಇಮೇಜ್ ಓಡಿಸಬಹುದು. ಅದರ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಕಂಟ್ರೋಲರ್ ಐಡಿಇ ಇರಲಿ, ಸಾಟಾ ಇಟ್ಟರೆ 7ಬಿ ಅನ್ನೋ ನೀಲಿ ಪರದೆ ಬರುತ್ತೆ. ಐಡಿಇಲೂ ಬಂದರೆ ಆ ಕಂಟ್ರೋಲರಿನ ಟೈಪ್‌ನಲ್ಲಿ ಪಿಐಐಎಕ್ಸ್4 ಆರಿಸಿ ನೋಡಿ. ರ್‍ಯಾಮ್ 1 ಜಿಬಿ ಸಾಕು, ನೆಟ್‌ವರ್ಕ್ ಆಫ್ ಮಾಡಿ. ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳಬಹುದು, ಕಂಪನಿ ಸಿಸ್ಟಮ್ ಜೊತೆ ಬಂದ ಲೈಸೆನ್ಸ್ ಆ ಸಿಸ್ಟಮ್‌ಗೇ ಕಟ್ಟಿದ್ದು. ಯುಎಸ್‌ಬಿ ಡಾಂಗಲ್ ಇದರೊಳಗೆ ಕಾಣಿಸುತ್ತೆ, ಪ್ಯಾರಲಲ್ ಡಾಂಗಲ್ ನಂಬಬೇಡಿ. ಹಳೇ ಸಿಸ್ಟಮ್ ಕೈಯಲ್ಲಿರುವಾಗಲೇ ಸಾಫ್ಟ್‌ವೇರ್ ಕಂಪನಿಗೆ ಕೇಳಿ ಯುಎಸ್‌ಬಿಗೆ ಬದಲಾಯಿಸಿಕೊಳ್ಳಿ.

ಹೊಸ ವಿಂಡೋಸ್‌ನಲ್ಲೇ ಪೇಜ್‌ಮೇಕರ್ ಓಡಿಸೋರು ಹಳೇ ಫಾಂಟ್ಸ್ ಫೋಲ್ಡರಿಂದ ಅದೇ ನುಡಿ ಟಿಟಿಎಫ್‌ಗಳನ್ನೇ ತನ್ನಿ, ಬೇರೆ ಆವೃತ್ತಿ ಹಾಕಿದರೆ ಸಾಲು ಜರುಗಬಹುದು. ರೀಜನ್ ಸೆಟ್ಟಿಂಗ್‌ನಲ್ಲಿ ಯುಟಿಎಫ್-8 ಬೀಟಾ ಅನ್ನೋದಕ್ಕೆ ಟಿಕ್ ಇದ್ದರೆ ತೆಗೀರಿ, ಇಲ್ಲಾಂದ್ರೆ ಆಸ್ಕಿ ಕನ್ನಡದ (ಯೂನಿಕೋಡ್ ಅಲ್ಲದ ಹಳೇ ಫಾಂಟಿನ) ಒತ್ತಕ್ಷರಗಳೆಲ್ಲ ಕೆಟ್ಟು ಕೂರ್ತವೆ. ಫೋಟೋಗಳು ಡಿ ಡ್ರೈವ್‌ನಲ್ಲಿದ್ದರೆ ಹೊಸದರಲ್ಲೂ ಡಿ ಅಂತಲೇ ಇಡಿ, ಲಿಂಕ್ ತಪ್ಪಲ್ಲ. ಇನ್‌ಡಿಸೈನ್‌ಗೆ ಹೋಗೋ ಯೋಚನೆ ಇದ್ದರೆ ಪೇಜ್‌ಮೇಕರ್ ಫೈಲ್ ತೆರೆಯೋದು ಸಿಎಸ್6 ವರೆಗೆ ಮಾತ್ರ, ಆಮೇಲೆ ಬಂದ ಸಿಸಿ ತೆರೆಯಲ್ಲ.

ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಲಗ್ನಪತ್ರಿಕೆ ಫೈಲ್, ಫಾಂಟು, ಡಾಂಗಲ್ ತಗೊಂಡು ಹೋಗಿ. ಅವನ ಮುಂದೆಯೇ ತೆರೆದು, ತಿದ್ದಿ, ಪ್ರಿಂಟ್ ತೆಗೆಸಿ. "ಈ ಸಾಫ್ಟ್‌ವೇರ್‌ಗಳು ಓಡುತ್ತವೆ" ಅಂತ ಬಿಲ್ ಮೇಲೆ ಬರೆಸಿ, ಸೀಲ್ ಹಾಕಿಸಿ. ಬರೆಯಲ್ಲ ಅಂದರೆ ದುಡ್ಡು ಕೊಡಬೇಡಿ. ಈಗಾಗಲೇ ಮೋಸ ಹೋಗಿರೋರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅವನ ವಾಟ್ಸಾಪ್ ಮೆಸೇಜ್ ಒಂದನ್ನೂ ಡಿಲೀಟ್ ಮಾಡಬೇಡಿ.