ರೆಡಿಮೇಡ್ ಫಿಸಿಕ್ಸ್ ಪ್ರಾಜೆಕ್ಟ್ ತಗೋಬೇಡಿ, ನಾವು ತಗೊಂಡು ಮಾನ ಕಳೆದುಕೊಂಡೆವು

ಎಂಜಿನಿಯರಿಂಗ್ ಫಸ್ಟ್ ಸೆಮ್‌ನಲ್ಲಿ ಫಿಸಿಕ್ಸ್ ಸೈಕಲ್ (ಫಿಸಿಕ್ಸ್ ಇರುವ ವಿಷಯಗಳ ಗುಂಪು) ಬಂದವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೆ ನಮಗೆ ಪ್ರಾಜೆಕ್ಟ್ ಮಾರಿದ ಮನುಷ್ಯ ಈಗಲೂ ವಾಟ್ಸಾಪ್ ಗ್ರೂಪ್‌ಗಳಲ್ಲಿ 'ಫುಲ್ ಮಾರ್ಕ್ಸ್ ಗ್ಯಾರಂಟಿ' ಅಂತ ಹಾಕುತ್ತಲೇ ಇದ್ದಾನೆ.

ನಮ್ಮದು ನಾಲ್ಕು ಜನರ ಟೀಮ್. ಪ್ರತಿ ವಾರ ಅಸೈನ್‌ಮೆಂಟ್, ಕೊನೆಗೊಂದು ಪ್ರಾಜೆಕ್ಟ್. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಟರ್ನಲ್ಸ್, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕ, 50ಕ್ಕೆ 20 ಬರಲೇಬೇಕು. ನಮ್ಮ ಟಾಪಿಕ್, ಎಲ್‌ಇಡಿ ಬಳಸಿ ಪ್ಲಾಂಕ್ ಸ್ಥಿರಾಂಕ (ಬೆಳಕಿನ ಆವರ್ತನಕ್ಕೂ ಶಕ್ತಿಗೂ ಇರುವ ಸಂಬಂಧ ಹೇಳುವ ಸಂಖ್ಯೆ) ಕಂಡುಹಿಡಿಯುವುದು. ಸುಲಭದ್ದೇ. ಯಾವ ಬಣ್ಣದ ಎಲ್‌ಇಡಿ ಎಷ್ಟು ವೋಲ್ಟ್‌ಗೆ ಹೊತ್ತಿಕೊಳ್ಳುತ್ತೆ ಅಂತ ನೋಡಿ ಲೆಕ್ಕ ಹಾಕಿದರೆ ಮುಗಿಯಿತು. ನಾವು ಸೋಮಾರಿಗಳು. 'ಮಾಡೆಲ್, ರಿಪೋರ್ಟ್, ರೀಡಿಂಗ್ ಎಲ್ಲಾ ಸೇರಿ 3,500' ಅಂದ. 2,000 ಅಡ್ವಾನ್ಸ್ ಕೊಟ್ಟೆವು. ನಾಲ್ಕು ಜನ ತಲಾ 500.

ಬಾಕ್ಸ್ ನೋಡೋಕೆ ಚೆನ್ನಾಗಿಯೇ ಇತ್ತು. ರಿಪೋರ್ಟ್‌ಗೆ ಸ್ಪೈರಲ್ ಬೈಂಡಿಂಗ್, ಹೊರಗೆ ನಮ್ಮ ನಾಲ್ಕೂ ಹೆಸರು. ಒಳಗೆ ಒಬ್ಬರೂ ನೋಡಲಿಲ್ಲ. ಒಬ್ಬರೂ!

ವೈವಾ (ಮೌಖಿಕ ಪರೀಕ್ಷೆ) ದಿನ ಮೇಡಂ ರೀಡಿಂಗ್‌ಗಳ ಟೇಬಲ್ ಇದ್ದ ಪುಟ ತೆಗೆದರು. 'ಕೆಂಪು ಎಲ್‌ಇಡಿ ತರಂಗಾಂತರ ಎಷ್ಟ್ರಪ್ಪಾ?' ನಾನು ರಿಪೋರ್ಟ್ ನೋಡಿ ಜೋರಾಗಿ ಓದಿದೆ, '470 ನ್ಯಾನೋಮೀಟರ್ ಮೇಡಂ.' 'ನೀಲಿ?' '650.' ಪಕ್ಕದ ಟೀಮ್‌ನವರು ಕಿಸಕ್ಕನೆ ನಕ್ಕರು. ನನಗೆ ಆಗಲೂ ಗೊತ್ತಾಗಲಿಲ್ಲ. ಪಿಯುಸಿಯಲ್ಲಿ ಓದಿದ್ದೇ, ಕೆಂಪಿನ ತರಂಗಾಂತರ ಜಾಸ್ತಿ, ನೀಲಿಯದು ಕಡಿಮೆ. ಅಷ್ಟೂ ತಲೆಗೆ ಬರಲಿಲ್ಲ.

ಮೇಡಂ ಕ್ಯಾಲ್ಕುಲೇಟರ್ ನನ್ನ ಕೈಗೇ ಕೊಟ್ಟರು. ಟೇಬಲ್‌ನಲ್ಲಿದ್ದ 1.8 ವೋಲ್ಟ್, 470 ಹಾಕಿದೆ. ಪ್ಲಾಂಕ್ ಸ್ಥಿರಾಂಕ 4.5 (×10⁻³⁴ ಜೂಲ್-ಸೆಕೆಂಡ್) ಬಂತು. ನೀಲಿಯ 2.7 ವೋಲ್ಟ್, 650 ಹಾಕಿದೆ. 9.4. ರಿಪೋರ್ಟ್‌ನಲ್ಲಿ ಮಾತ್ರ ಎರಡಕ್ಕೂ ಪುಸ್ತಕದಲ್ಲಿರುವ 6.626! 'ಎರಡು ರೂಪಾಯಿ ಎಲ್‌ಇಡಿಯಲ್ಲಿ ಮೂರು ಡೆಸಿಮಲ್ ಕರೆಕ್ಟಾಗಿ ಬಂತಾ? ಎಲ್ಲಿ, ಈಗ ಒಂದು ರೀಡಿಂಗ್ ತೆಗೆದು ತೋರಿಸಿ' ಅಂದರು. ಮಲ್ಟಿಮೀಟರ್ ಎಲ್ಲಿಗೆ ಸಿಕ್ಕಿಸಬೇಕು ಅಂತ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಆ ಮೇಲೆ ಅವರು ಡ್ರಾಯರ್‌ನಿಂದ ಹೋದ ವರ್ಷದ ಒಂದು ರಿಪೋರ್ಟ್ ತೆಗೆದು ಮುಂದಿಟ್ಟರು. ಅದೇ ಟೇಬಲ್. ಅದೇ ತಪ್ಪು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ಪ್ರಾಜೆಕ್ಟ್ ಮಾರಿದವನಿಗೆ ಫೋನ್ ಮಾಡಿದೆ. 'ಬ್ರೋ, ಅದು ರೆಫರೆನ್ಸ್‌ಗೆ ಕೊಟ್ಟಿದ್ದು, ನೀವು ಚೆಕ್ ಮಾಡ್ಕೋಬೇಕಿತ್ತು.' ರೆಫರೆನ್ಸ್‌ಗೆ ನಮ್ಮ ಹೆಸರು ಯಾಕೆ ಪ್ರಿಂಟ್ ಮಾಡಿದೆ ಅಂದೆ. 'ವೈವಾ ಎಕ್ಸ್‌ಪ್ಲನೇಷನ್ ಬೇರೆ ಪ್ಯಾಕೇಜ್ ಬ್ರೋ, ನೀವು ತಗೊಂಡಿಲ್ಲ.' ಹೋದ ವರ್ಷದ ರಿಪೋರ್ಟ್ ವಿಷಯ ಕೇಳಿದ್ದಕ್ಕೆ 'ಫಿಸಿಕ್ಸ್ ವರ್ಷಾ ವರ್ಷಾ ಚೇಂಜ್ ಆಗಲ್ಲ ಅಲ್ವಾ?' ಅಂತ ನಗು ಬೇರೆ! ತಪ್ಪು ನಮ್ಮದೂ ಇದೆ, ಒಪ್ಪುತ್ತೇನೆ. ಆದರೆ ಆ ನಗು ಇನ್ನೂ ಉರಿಯುತ್ತಿದೆ.

ಪ್ರಾಜೆಕ್ಟ್‌ಗೆ 10ಕ್ಕೆ 2. ಮೇಡಂ ಹತ್ತಿರ ಕೈಮುಗಿದು ಇನ್ನೊಂದು ಅವಕಾಶ ಕೇಳಿದೆವು. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಎಲ್‌ಇಡಿ, ಬ್ರೆಡ್‌ಬೋರ್ಡ್, ರೆಸಿಸ್ಟರ್, ಸಣ್ಣ ಮಲ್ಟಿಮೀಟರ್ ತಂದೆವು. ಎಲ್ಲಾ ಸೇರಿ 500 ದಾಟಲಿಲ್ಲ. ಹಾಸ್ಟೆಲ್ ರೂಮಿನ ಲೈಟ್ ಆರಿಸಿ ಕೂತು ಒಂದು ಸಂಜೆಯಲ್ಲಿ ಮುಗಿಸಿದೆವು. ಕೆಂಪಿಗೆ 6.2 ಬಂತು, ನೀಲಿಗೆ 6.5. ಮೇಡಂ ಅದನ್ನು ನೋಡಿ 'ಈಗ ನಂಬಬಹುದು' ಅಂದರು. 2 ಹೋಗಿ 6 ಆಯಿತು.

ತಗೊಳ್ಳಲೇಬೇಡಿ. ತಗೊಂಡಾಗಿದ್ದರೆ ಇವತ್ತೇ ಟೇಬಲ್ ತೆಗೆದು ಒಂದು ಸಲ ಲೆಕ್ಕ ಹಾಕಿ ನೋಡಿ. ಅಡ್ವಾನ್ಸ್ ಅಂತೂ ವಾಪಸ್ ಬರಲ್ಲ. ಇವತ್ತು ಬೆಳಗ್ಗೆ ಅವನದೇ ಮೆಸೇಜ್ ಬಂದಿದೆ: 'ಬ್ರೋ, ಬ್ಯಾಲೆನ್ಸ್ 1,500 ಯಾವಾಗ?'