ತಂಡ ಸತತ 12ನೇ ಮ್ಯಾಚ್ ಗೆದ್ದಿತು, ನಾನು ಸೋತೆ

ಅಮೆರಿಕಕ್ಕೆ ಓದೋಕೆ ಬಂದಿರುವ, ಇನ್ನು ಬರಲಿರುವ ನಮ್ಮ ಹುಡುಗರು ಇದನ್ನೊಂದು ಸಲ ಓದಿ. ನಾನಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಇಲ್ಲಿ ಸೆಪ್ಟೆಂಬರ್ ಬಂತೆಂದರೆ ಶನಿವಾರ ಪೂರ್ತಿ ಕಾಲೇಜ್ ಫುಟ್ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್ಬಾಲ್. ಊರಿಗೆ ಊರೇ ಕೆಂಪಂಗಿ ಹಾಕಿಕೊಂಡು ಓಡಾಡುತ್ತದೆ. 2023ರ ಜನವರಿ 1ರಿಂದ ಈ ರಾಜ್ಯದಲ್ಲಿ ಆಟಗಳ ಮೇಲೆ ಬೆಟ್ಟಿಂಗ್ ಕಾನೂನುಬದ್ಧ. ವಯಸ್ಸು 21 ಆಗಿದ್ದರೆ ಸಾಕು, ಮಲಗಿದಲ್ಲಿಂದಲೇ ಫೋನಿನಲ್ಲಿ ಹಾಕಬಹುದು. ತುಮಕೂರಲ್ಲಿ ಐಪಿಎಲ್ ಬೆಟ್ಟಿಂಗ್‌ಗೆ ಬಿದ್ದು ಬೈಕ್ ಮಾರಿಕೊಂಡವರನ್ನು ನೋಡಿ ನಕ್ಕವನು ನಾನು. ಇಲ್ಲಿ ಟಿವಿಯಲ್ಲೇ ಜಾಹೀರಾತು ಬರುತ್ತಲ್ಲ, ಹಾಗಾಗಿ ಅದೇ ಬೇರೆ, ಇದೇ ಬೇರೆ ಅಂದುಕೊಂಡೆ.

ನನ್ನ ರೂಮ್‌ಮೇಟ್ ಮಂಡ್ಯದವನು. "ಮಗಾ, ಆ ಟೀಮು ಸತತ ಹನ್ನೊಂದು ಮ್ಯಾಚ್ ಗೆದ್ದೈತೆ. ಕಣ್ಮುಚ್ಕೊಂಡು ಹಾಕು" ಅಂದ. ತಂಡದ ಹೆಸರು ಬೇಡ ಬಿಡಿ. ಬಲವಾದ ತಂಡ ಗೆಲ್ಲುತ್ತೆ ಅಂತಷ್ಟೇ ಹಾಕಿದರೆ ಸಿಗೋದು ಚಿಲ್ಲರೆ. ಅದಕ್ಕೆ ಎಲ್ಲರೂ ಪಾಯಿಂಟ್ ಸ್ಪ್ರೆಡ್ ಕಡೆ, ಅಂದರೆ ಎಷ್ಟು ಅಂಕಗಳ ಅಂತರದಲ್ಲಿ ಗೆಲ್ಲುತ್ತೆ ಅನ್ನೋ ಬೆಟ್ ಕಡೆ ಹೋಗುತ್ತಾರೆ. ಅವತ್ತು ಆ ತಂಡದ ಮುಂದೆ ಮೈನಸ್ 7.5 ಅಂತ ಇತ್ತು. ಅಂದರೆ ಕನಿಷ್ಠ 8 ಅಂಕಗಳ ಅಂತರದಲ್ಲಿ ಗೆಲ್ಲಬೇಕು. 7ರಲ್ಲಿ ಗೆದ್ದರೆ ತಂಡಕ್ಕೆ ಹಾರ, ನನಗೆ ಚಿಪ್ಪು. 200 ಡಾಲರ್ ಗೆಲ್ಲೋಕೆ 220 ಹಾಕಿದೆ.

ಕೊನೆಯ 38 ಸೆಕೆಂಡ್. ಸ್ಕೋರು 31-21. ಎದುರಾಳಿಗೆ ಅದು ನಾಲ್ಕನೇ ಡೌನ್, ಕೊನೇ ಅವಕಾಶ. ಟೈಮ್‌ಔಟ್ ಒಂದೂ ಉಳಿದಿಲ್ಲ. 26 ಗಜದ ಗೆರೆಯಿಂದ ಚೆಂಡನ್ನು ಎಂಡ್ ಝೋನ್‌ಗೆ, ಅಂದರೆ ಅಂಕ ಸಿಗುವ ಮೈದಾನದ ತುದಿಗೆ ಎಸೆದರು. ಕೈಗೆ ಸಿಗದೆ ನೆಲಕ್ಕೆ ಬಿತ್ತು. ನಾನು ಚಿತ್ರಾನ್ನದ ತಟ್ಟೆ ಕೆಳಗಿಟ್ಟು ಎದ್ದು ನಿಂತೆ. ಆಗ ಕಂಡಿತು, ಹುಲ್ಲಿನ ಮೇಲೆ ಹಳದಿ ಬಟ್ಟೆ, ಫೌಲ್ ಅಂತ ರೆಫರಿ ಎಸೆಯೋದು. ನಾನು ದುಡ್ಡು ಹಾಕಿದ್ದ ತಂಡದ ಡಿಫೆನ್ಸ್‌ನವನು ಚೆಂಡು ಬರುವ ಮೊದಲೇ ಎದುರಾಳಿಯ ತೋಳು ಹಿಡಿದನಂತೆ. ಪಾಸ್ ಇಂಟರ್‌ಫಿಯರೆನ್ಸ್. 15 ಗಜ ದಂಡ, ಮತ್ತೆ ಫಸ್ಟ್ ಡೌನ್, ಅಂದರೆ ಎದುರಾಳಿಗೆ ಹೊಸದಾಗಿ ನಾಲ್ಕು ಅವಕಾಶ. ಮುಂದಿನ ಆಟದಲ್ಲೇ ಟಚ್‌ಡೌನ್, ಜೊತೆಗಿನ ಕಿಕ್ ಸೇರಿ 7 ಅಂಕ. 31-28, ಅಂತರ ಬರೀ 3. ಮ್ಯಾಚಿಗೆ ಅದರಿಂದ ಏನೂ ಆಗಲಿಲ್ಲ. ಗೆದ್ದ ತಂಡದ ಹುಡುಗರು ಕುಣಿದಾಡಿದರು, ಸತತ 12 ಆಯಿತು. ನನ್ನ ಫೋನಿನಲ್ಲಿ 220 ಡಾಲರ್ ಮಾಯ.

ರೆಫರಿಗೆ ಅವನ ವಂಶದವರೆಲ್ಲ ಸೇರಿಸಿ ಬೈದೆ. ರಿಪ್ಲೇ ಹತ್ತು ಸಲ ನೋಡಿದೆ. ಐದು ಸಲ ತಪ್ಪು ಅನ್ನಿಸಿತು, ಐದು ಸಲ ಸರಿ. ತೋಳು ಹಿಡಿದನೋ ಇಲ್ಲವೋ ಅನ್ನೋದು ರೆಫರಿಯ ಕಣ್ಣಳತೆ, ಅದನ್ನು ರಿಪ್ಲೇ ನೋಡಿ ಬದಲಿಸೋ ಹಾಗಿಲ್ಲ. ನನ್ನ 7.5 ಅವನ ತಲೆಯಲ್ಲಿ ಯಾಕೆ ಇರಬೇಕು ಹೇಳಿ. 10 ಅಂಕ ಮುಂದಿರುವ ತಂಡವೂ ಆ ಹೊತ್ತಿಗೆ ಗಡಿಯಾರ ಓಡಿದರೆ ಸಾಕು ಅಂತಿರುತ್ತೆ, ಅಂತರ ಕಾಯೋದಿಲ್ಲ.

ಇದೇ ಊರಿನವರು ಈಗಲೂ ಖುಷಿಯಾಗಿ ಹೇಳೋ ಕಥೆಯೊಂದಿದೆ. 2003ರ ಜನವರಿ 3, ಫಿಯೆಸ್ಟಾ ಬೌಲ್, ಆ ಸೀಸನ್ನಿನ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಮ್ಯಾಚ್. ಮಿಯಾಮಿ ಸತತ 34 ಗೆದ್ದು ಬಂದಿತ್ತು. ಇದೇ ಊರಿನ ಒಹಾಯೋ ಸ್ಟೇಟ್ ವಿರುದ್ಧ ಮಿಯಾಮಿಗೆ ಸ್ಪ್ರೆಡ್ 11ಕ್ಕೂ ಜಾಸ್ತಿ. ಓವರ್‌ಟೈಮ್‌ನಲ್ಲಿ ಮಿಯಾಮಿ 24-17 ಮುಂದಿದ್ದಾಗ ನಾಲ್ಕನೇ ಡೌನ್‌ನ ಪಾಸ್ ನೆಲಕ್ಕೆ ಬಿತ್ತು. ಮಿಯಾಮಿಯವರು ಮೈದಾನಕ್ಕೆ ನುಗ್ಗಿದರು, ಪಟಾಕಿಯೂ ಹಾರಿತು. ಆಮೇಲೆ ರೆಫರಿಯ ಬಟ್ಟೆ ಬಿತ್ತು! ಅದೂ ಪಾಸ್ ಇಂಟರ್‌ಫಿಯರೆನ್ಸೇ. ಕೊನೆಗೆ ಒಹಾಯೋ ಸ್ಟೇಟ್ 31-24ರಿಂದ ಗೆದ್ದಿತು. ಆದರೆ ಮಿಯಾಮಿ ಮೇಲೆ ಸ್ಪ್ರೆಡ್ ಹಾಕಿದ್ದವರ ಲೆಕ್ಕ ನೋಡಿ. ಆ ಬಟ್ಟೆ ಬೀಳದೆ ಮಿಯಾಮಿ 7ರಿಂದ ಗೆದ್ದಿದ್ದರೂ ಅವರ ದುಡ್ಡು ಹೋಗುತ್ತಿತ್ತು.

ನನಗೆ ತಡವಾಗಿ ಹೊಳೆದದ್ದು ಇದೇ. ಸತತ ಗೆಲುವು ನನ್ನ ಕಣ್ಣಿಗೆ ಬೀಳುವ ಮೊದಲೇ ಸ್ಪ್ರೆಡ್ ಇಡುವವರ ಕಣ್ಣಿಗೆ ಬಿದ್ದಿರುತ್ತೆ. ಗೆಲುವು ಹೆಚ್ಚಾದಷ್ಟೂ ಜನ ಮುಗಿಬೀಳುತ್ತಾರೆ, ಸ್ಪ್ರೆಡ್‌ನ ಅಂಕವೂ ಏರುತ್ತೆ. 2014ರ ಸೀಸನ್ನಿನಲ್ಲಿ ಫ್ಲೋರಿಡಾ ಸ್ಟೇಟ್ ತಂಡ ಕೊನೆಯ ಮ್ಯಾಚಾದ ರೋಸ್ ಬೌಲ್ ತನಕ ಒಂದೂ ಸೋಲಲಿಲ್ಲ, ಆದರೆ ಹೆಚ್ಚಿನ ಮ್ಯಾಚ್‌ಗಳಲ್ಲಿ ಸ್ಪ್ರೆಡ್ ದಾಟಲೂ ಇಲ್ಲ.

ಅವತ್ತೇ ನಿಲ್ಲಿಸಿದ್ದರೆ ನಷ್ಟ 220. ನಿಲ್ಲಿಸಲಿಲ್ಲ. ಆ್ಯಪ್‌ನವರು "ಬೋನಸ್ ಬೆಟ್" ಕೊಟ್ಟರು. ಅದು ದುಡ್ಡಲ್ಲ, ಗೆದ್ದರೂ ಹಾಕಿದ ಮೊತ್ತ ವಾಪಸ್ ಬರಲ್ಲ. ಮುಂದಿನ ವಾರ ಸಿಟ್ಟಿಗೆ ಅದೇ ತಂಡದ ವಿರುದ್ಧ ಹಾಕಿದೆ, ಅದು 30ರ ಅಂತರದಲ್ಲಿ ಗೆದ್ದಿತು. ಅದರ ಮುಂದಿನ ವಾರ ಪರವಾಗಿ ಹಾಕಿದೆ, ಸರಣಿ ಅವತ್ತೇ ಮುರೀಬೇಕಾ? ಡಿಸೆಂಬರ್ ಹೊತ್ತಿಗೆ 3,400 ಡಾಲರ್ ಹೋಗಿತ್ತು. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. 100 ಗೆಲ್ಲೋಕೆ 110 ಹಾಕಬೇಕು. ನೂರು ಸಲ ಆಡಿ ಐವತ್ತು ಸಲ ಗೆದ್ದರೂ ಕೈಬಿಡೋದು 500 ಡಾಲರ್. ಖರ್ಚು ಸರಿದೂಗಲು ನೂರಕ್ಕೆ 52ಕ್ಕಿಂತ ಜಾಸ್ತಿ ಸರಿ ಹೇಳಬೇಕು. ನಾನು 41 ಹೇಳಿದ್ದೆ.

ಭಾನುವಾರ ಅಮ್ಮ ಫೋನ್ ಮಾಡಿ "ಊಟ ಆಯ್ತೇನೋ, ಬಾಡಿಗೆ ಕಟ್ಟಿದ್ಯಾ?" ಅಂದಾಗ ಕಟ್ಟಿದೆ ಅಂದೆ. ಕಟ್ಟಿದ್ದವನು ಮಂಡ್ಯದವನು.

ಇದರಲ್ಲಿ ಸಿಕ್ಕಿಕೊಂಡವರು ಯಾರಾದರೂ ಒಹಾಯೋದಲ್ಲಿದ್ದರೆ "ಟೈಮ್ ಔಟ್ ಒಹಾಯೋ" ಅಂತ ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ. ನಾವೇ ಹೆಸರು ಕೊಟ್ಟು ಒಂದು ವರ್ಷ, ಐದು ವರ್ಷ ಅಥವಾ ಜೀವನಪೂರ್ತಿ ಬಾಗಿಲು ಹಾಕಿಸಿಕೊಳ್ಳಬಹುದು. ನಾನು ಒಂದು ವರ್ಷಕ್ಕೆ ಹಾಕಿಸಿದ್ದೇನೆ. ರೂಮ್‌ಮೇಟ್‌ಗೆ ಇನ್ನೂ 400 ಡಾಲರ್ ಬಾಕಿ. ಅವನು ಈಗಲೂ ಶನಿವಾರ ಬೆಳಗ್ಗೆ ಫೋನ್ ಹಿಡಿದು ಕೂರುತ್ತಾನೆ. ನಾನು ಬಟ್ಟೆ ಒಗೆಯೋಕೆ ಹೋಗುತ್ತೇನೆ.